ಮೋಜಣಿದಾರರ ಬಣ್ಣ, ಕಡಲಿನವರ ಕೈ

ನ್ಯೂಜಿಲೆಂಡಿನ ರಾಜಧಾನಿ ವೆಲಿಂಗ್ಟನ್ನಿನಿಂದ ಉತ್ತರಕ್ಕೆ ಸುಮಾರು 20 ಕಿಲೋಮೀಟರ್ ದೂರದಲ್ಲಿ, ಎರಡು ಕವಲಾಗಿ ನೆಲದೊಳಕ್ಕೆ ಚಾಚಿಕೊಂಡ ಕಡಲ ಹಿನ್ನೀರಿನ ದಂಡೆಯ ಮೇಲಿರುವ ಪೊರಿರುವಾ ನಗರವು ಕಲಾಪ್ರೇಮಿಗಳ ಪ್ರವಾಸದ ಪಟ್ಟಿಯಲ್ಲಿ ಸಾಮಾನ್ಯವಾಗಿ ಕಾಣಿಸುವುದಿಲ್ಲ. ಎರಡನೆಯ ಮಹಾಯುದ್ಧದ ನಂತರ ಸರ್ಕಾರವು ದುಡಿಯುವ ಕುಟುಂಬಗಳಿಗಾಗಿ ಬಾಡಿಗೆ ಮನೆಗಳನ್ನು ಸಾಲುಸಾಲಾಗಿ ಕಟ್ಟಿಸಿ, ಹಿನ್ನೀರಿನ ಒಂದು ಅಂಚಿಗೆ ಮಣ್ಣು ತುಂಬಿಸಿ ಬೆಳೆಸಿದ ಈ ಊರಿಗೆ ನಗರದ ಸ್ಥಾನಮಾನ ದೊರೆತದ್ದು 1965ರಲ್ಲಿ. ಇಂದು ಸುಮಾರು 60 ಸಾವಿರ ಜನರಿರುವ ಇಲ್ಲಿ ನಾಲ್ಕನೆಯ ಒಂದು ಪಾಲಿನಷ್ಟು ಮಂದಿ ಸಮೋವಾ, ಟೊಕೆಲಾವ್, ಕುಕ್ ದ್ವೀಪಗಳಂಥ ಪೆಸಿಫಿಕ್ ನಾಡುಗಳ ಮೂಲದವರು. ನೆಲದ ಹಕ್ಕುದಾರರು ಮಾವೊರಿ ಜನಾಂಗದ ನಾಟಿ ಟೋವಾ ಬುಡಕಟ್ಟಿನವರು. ಜಲವರ್ಣದಲ್ಲಿಯೂ ಮಿಶ್ರ ಮಾಧ್ಯಮದಲ್ಲಿಯೂ ಕೆಲಸ ಮಾಡುವ ಸಮಕಾಲೀನ ಕಲಾವಿದರನ್ನು ಅರಿಯಬೇಕೆನ್ನುವವರಿಗೆ ದೊಡ್ಡ ಊರುಗಳ ಗ್ಯಾಲರಿಗಳಿಗಿಂತ ಈ ಪುಟ್ಟ ನಗರ ಹೆಚ್ಚು ಕಲಿಸುತ್ತದೆ, ಏಕೆಂದರೆ ಜಲವರ್ಣ ಯಾರ ಕೈಯ ಉಪಕರಣವಾಗಿ ಬಂದಿತು ಎಂಬ ಪ್ರಶ್ನೆಯನ್ನು ಇಲ್ಲಿಯ ಚರಿತ್ರೆಯೇ ಎತ್ತುತ್ತದೆ.

ಜಲವರ್ಣವೆಂದರೆ ಮಣ್ಣು, ಖನಿಜ ಅಥವಾ ರಾಸಾಯನಿಕ ಮೂಲದ ಬಣ್ಣದ ಪುಡಿಯನ್ನು ಗೋಂದಿನೊಂದಿಗೆ ಅರೆದು, ನೀರಿನಲ್ಲಿ ಕದಡಿ ಕಾಗದದ ಮೇಲೆ ತೆಳುವಾಗಿ ಹಾಯಿಸುವ ವಿಧಾನ. ತೈಲವರ್ಣದಲ್ಲಿ ಬೆಳಕನ್ನು ಬಿಳಿ ಬಣ್ಣ ಹಚ್ಚಿ ತರಬಹುದು. ಜಲವರ್ಣದಲ್ಲಿ ಬೆಳಕೆಂದರೆ ಹಚ್ಚದೆ ಉಳಿಸಿಕೊಂಡ ಕಾಗದವೇ ಆದ್ದರಿಂದ, ಎಲ್ಲಿ ಕೈಯಿಡಬಾರದು ಎಂಬ ತೀರ್ಮಾನ ಮೊದಲೇ ಆಗಿರಬೇಕಾಗುತ್ತದೆ. ಮಿಶ್ರ ಮಾಧ್ಯಮ ಎಂಬುದು ಒಂದೇ ಕೃತಿಯಲ್ಲಿ ಬೇರೆ ಬೇರೆ ಸ್ವಭಾವದ ವಸ್ತುಗಳನ್ನು, ಅಂದರೆ ಬಣ್ಣ, ಶಾಯಿ, ಇದ್ದಿಲು, ಅಂಟಿಸಿದ ಕಾಗದ, ಬಟ್ಟೆ, ಲೋಹದ ಚೂರು ಇತ್ಯಾದಿಗಳನ್ನು ಕೂಡಿಸುವ ಎಲ್ಲ ಪದ್ಧತಿಗಳಿಗೆ ಇಟ್ಟ ಸಾಮಾನ್ಯ ಹೆಸರು. ಹೆಸರು ಇಪ್ಪತ್ತನೆಯ ಶತಮಾನದ್ದಾದರೂ ಪದ್ಧತಿ ಕನ್ನಡಿಗರಿಗೆ ಹೊಸದಲ್ಲ: ಮೈಸೂರು ಸಾಂಪ್ರದಾಯಿಕ ಚಿತ್ರಗಳಲ್ಲಿ ನೀರಿನ ಬಣ್ಣ, ಸಫೇದ ಮತ್ತು ಗೋಂದು ಕಲಸಿ ಉಬ್ಬಿಸಿದ ಗೆಸ್ಸೋ, ಅದರ ಮೇಲೆ ಕೂರಿಸಿದ ಚಿನ್ನದ ರೇಕು ಇವು ಮೂರೂ ಒಂದೇ ಹಲಗೆಯ ಮೇಲೆ ಇರುತ್ತಿದ್ದವು, ಮತ್ತು ಅದನ್ನು ಯಾರೂ ಪ್ರಯೋಗವೆಂದು ಕರೆಯುತ್ತಿರಲಿಲ್ಲ.

ಪೊರಿರುವಾದ ಕಡಲಂಚನ್ನು ಯುರೋಪಿನವರು ಕಾಗದಕ್ಕೆ ಇಳಿಸಿದ್ದು ಚೆಲುವಿನ ಆಸೆಗೆ ಮಾತ್ರವಲ್ಲ. ಮಾವೊರಿ ಜನರಿಂದ ಭೂಮಿ ಕೊಂಡು ಬ್ರಿಟನ್ನಿನ ವಲಸಿಗರಿಗೆ ಮಾರುತ್ತಿದ್ದ ನ್ಯೂಜಿಲೆಂಡ್ ಕಂಪನಿಯು 1839ರಲ್ಲಿ ಚಾರ್ಲ್ಸ್ ಹೀಫಿ ಎಂಬ ತರುಣನನ್ನು ನಕ್ಷೆಗಾರನಾಗಿ ಕರೆತಂದಿತು. ಆತ ಬರೆದ ಸ್ವಚ್ಛ, ತಿಳಿಬಣ್ಣದ ಜಲವರ್ಣಗಳು ಲಂಡನ್ನಿನಲ್ಲಿ ಕಲ್ಲಚ್ಚಿನ ಮುದ್ರಣ ಕಂಡು, ಹೊಸ ನೆಲದತ್ತ ಜನರನ್ನು ಸೆಳೆಯುವ ಜಾಹೀರಾತುಗಳಾದವು. ಕಂಪನಿಯ ಮುಖ್ಯ ಮೋಜಣಿದಾರನಾಗಿ 1842ರಲ್ಲಿ ಬಂದ ಸ್ಯಾಮ್ಯುಯೆಲ್ ಚಾರ್ಲ್ಸ್ ಬ್ರೀಸ್ ಪೊರಿರುವಾ ಬಂದರನ್ನೂ ಅಲ್ಲಿಯ ತಿಮಿಂಗಿಲ ಬೇಟೆಗಾರರ ನೆಲೆಯನ್ನೂ ಚಿತ್ರಿಸಿದನು. ಈ ಚಿತ್ರಗಳಲ್ಲಿ ಗುಡ್ಡಗಳು ಖಾಲಿಯಾಗಿ, ನೀರು ಶಾಂತವಾಗಿ, ಮನುಷ್ಯರು ಅಳತೆ ತೋರಿಸುವುದಕ್ಕೆಂದು ನಿಲ್ಲಿಸಿದಂತೆ ಚಿಕ್ಕದಾಗಿ ಇರುತ್ತಾರೆ. ಇದೇ ಹಿನ್ನೀರಿನ ಸುತ್ತ 1846ರಲ್ಲಿ ಭೂಮಿಯ ವ್ಯಾಜ್ಯವು ಕಾಳಗವಾಗಿ, ನಾಟಿ ಟೋವಾದ ಹಿರಿಯ ನಾಯಕ ಟೆ ರೌಪರಾಹಾ ಸೆರೆಯಾದನೆಂಬುದನ್ನು ನೆನೆದರೆ, ಆ ತಿಳಿಬಣ್ಣದ ಶಾಂತಿಯನ್ನು ಅನುಮಾನಿಸದೆ ಇರಲಾಗದು. 1844ರಲ್ಲಿ ಬಂದ ಜಾರ್ಜ್ ಫ್ರೆಂಚ್ ಆಂಗಸ್‌ನ ಕಣ್ಣು ಸ್ವಲ್ಪ ಬೇರೆ ಬಗೆಯದು. ಆತ ಪೊರಿರುವಾದ ಎದುರಿನ ಮಾನಾ ದ್ವೀಪದಲ್ಲಿ ಟೆ ರಂಗಿಹಾಯೆಟಾ ಎಂಬ ನಾಯಕನ ಕೆತ್ತನೆಯ ಮನೆ ‘ಕೈಟಂಗಾಟಾ’ವನ್ನು ಬಹಳ ನಿಗಾ ಇಟ್ಟು ಬರೆದುಕೊಂಡನು, ಮತ್ತು 1847ರಲ್ಲಿ ಪ್ರಕಟವಾದ ಅವನ ಚಿತ್ರಸಂಪುಟದಲ್ಲಿ ಅದು ಸೇರಿತು. ಮಾವೊರಿ ಕೆತ್ತನೆಗಳಿಗೆ ಹಚ್ಚುತ್ತಿದ್ದ ಕೆಂಪು, ಶಾರ್ಕ್ ಮೀನಿನ ಎಣ್ಣೆಯಲ್ಲಿ ಕಲಸಿದ ‘ಕೊಕೊವೈ’ ಎಂಬ ಕೆಮ್ಮಣ್ಣು. ಮಲೆನಾಡಿನ ಹಸೆ ಚಿತ್ತಾರದ ಗೋಡೆ ಕಂಡವರಿಗೆ ಆ ಬಣ್ಣದ ಗುರುತು ಸುಲಭವಾಗಿ ಸಿಗುತ್ತದೆ. ಒಂದು ಜನಾಂಗದ ಮಣ್ಣಿನ ಬಣ್ಣ ಇನ್ನೊಂದು ಜನಾಂಗದ ಪೆಟ್ಟಿಗೆ ಬಣ್ಣದಲ್ಲಿ ದಾಖಲಾದ ರೀತಿ ಇದು.

ಆದರೆ ಜಲವರ್ಣವನ್ನು ಕೇವಲ ಬಿಳಿಯರ ಸಾಧನವೆಂದು ಬದಿಗಿಡುವುದಕ್ಕೂ ಚರಿತ್ರೆ ಅವಕಾಶ ಕೊಡುವುದಿಲ್ಲ. ಕ್ಯಾಪ್ಟನ್ ಜೇಮ್ಸ್ ಕುಕ್‌ನ ಎಂಡೆವರ್ ಹಡಗಿನಲ್ಲಿ ಟಹೀಟಿಯಿಂದ ಜೊತೆಯಾಗಿ ಬಂದ ಟುಪಾಯಾ ರಾಯಾಟಿಯಾ ದ್ವೀಪದ ಪುರೋಹಿತ, ನೌಕಾಜ್ಞಾನಿ ಮತ್ತು ದುಭಾಷಿ. ಹಡಗಿನಲ್ಲಿದ್ದ ಚಿತ್ರಕಾರರ ಬಣ್ಣವನ್ನು ಅವನೂ ಕೈಗೆತ್ತಿಕೊಂಡನು. ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿರುವ, 1769ರ ಒಂದು ಜಲವರ್ಣದಲ್ಲಿ ಮಾವೊರಿ ಪುರುಷನೊಬ್ಬ ದೊಡ್ಡ ಕಡಲ ಸಿಗಡಿಯೊಂದನ್ನು ಹಿಡಿದು, ಕೋಟು ತೊಟ್ಟ ಸಸ್ಯವಿಜ್ಞಾನಿ ಜೋಸೆಫ್ ಬ್ಯಾಂಕ್ಸ್‌ನಿಂದ ಬಟ್ಟೆಯ ತುಂಡೊಂದನ್ನು ಪಡೆಯುತ್ತಿದ್ದಾನೆ. ಹಿನ್ನೆಲೆಯಲ್ಲಿ ಗುಡ್ಡವಿಲ್ಲ, ಆಕಾಶವಿಲ್ಲ. ಇಬ್ಬರೂ ಸಮ ಎತ್ತರದಲ್ಲಿ, ಬರಿಯ ಕಾಗದದ ಮೇಲೆ ಎದುರುಬದುರಾಗಿ ನಿಂತಿದ್ದಾರೆ, ಮತ್ತು ತನ್ನದನ್ನು ಕೊಡುವ ಮೊದಲೇ ಎದುರಿನವನದನ್ನು ಹಿಡಿದುಕೊಳ್ಳುವ ವ್ಯಾಪಾರದ ಎಚ್ಚರ ಇಬ್ಬರ ಕೈಗಳಲ್ಲೂ ಕಾಣುತ್ತದೆ. ಬಹುಕಾಲ ಅನಾಮಧೇಯನದೆಂದು ತಿಳಿಯಲಾಗಿದ್ದ ಈ ಚಿತ್ರ ಟುಪಾಯಾನದೇ ಎಂದು ಖಚಿತವಾದದ್ದು ಬ್ಯಾಂಕ್ಸ್ 1812ರಲ್ಲಿ ಬರೆದ ಕಾಗದವೊಂದು ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ಸಂಶೋಧಕರ ಗಮನಕ್ಕೆ ಬಂದ ಮೇಲೆ. ಹೀಫಿಗಿಂತ 70 ವರ್ಷ ಮೊದಲೇ ಪಾಲಿನೇಷ್ಯನ್ ಕೈಯೊಂದು ಈ ಮಾಧ್ಯಮವನ್ನು ಒಲಿಸಿಕೊಂಡಿತ್ತು ಎಂಬುದು ಇಂದಿನ ಪೆಸಿಫಿಕ್ ಕಲಾವಿದರಿಗೆ ಸಣ್ಣ ಸಂಗತಿಯಲ್ಲ.

ಆ ಸಂಗತಿಯನ್ನು ನೇರವಾಗಿ ಬಳಸಿಕೊಂಡವರಲ್ಲಿ ಮಿಶೆಲ್ ಟಫೆರಿ ಪ್ರಮುಖರು. 1966ರಲ್ಲಿ ವೆಲಿಂಗ್ಟನ್ನಿನಲ್ಲಿ ಹುಟ್ಟಿದ, ಸಮೋವಾ, ರಾರೊಟೊಂಗಾ ಮತ್ತು ಟಹೀಟಿ ಮೂಲಗಳ ಟಫೆರಿ ಮರದಚ್ಚಿನ ಮುದ್ರಣದಿಂದ ಆರಂಭಿಸಿ, ಕುಕ್ ಮತ್ತು ಟುಪಾಯಾರ ಮೊದಲ ಭೇಟಿಗಳನ್ನು ದ್ವೀಪದವರ ಕಡೆಯಿಂದ ನೋಡುವ ಚಿತ್ರಗಳವರೆಗೆ ಬಂದವರು. ಅವರನ್ನು ಪ್ರಸಿದ್ಧಗೊಳಿಸಿದ್ದು ಮಾತ್ರ 1994ರ ಎತ್ತು: ದ್ವೀಪಗಳಿಗೆ ಹೊರಗಿನಿಂದ ಬಂದು ಮದುವೆ, ಸಾವುಗಳ ಉಡುಗೊರೆಯ ಭಾಗವೇ ಆಗಿಬಿಟ್ಟ ಡಬ್ಬಿ ಮಾಂಸದ ತಗಡುಗಳನ್ನು ಚಪ್ಪಟೆ ಮಾಡಿ, ಬ್ರ್ಯಾಂಡಿನ ಅಕ್ಷರಗಳು ಮೈಮೇಲೆ ಹಾಗೆಯೇ ಕಾಣುವಂತೆ ಜೋಡಿಸಿದ, ಪೂರ್ಣಪ್ರಮಾಣದ ಆ ಪ್ರಾಣಿ ಈಗ ವೆಲಿಂಗ್ಟನ್ನಿನ ರಾಷ್ಟ್ರೀಯ ಸಂಗ್ರಹಾಲಯ ಟೆ ಪಾಪಾದ ಸಂಗ್ರಹದಲ್ಲಿದೆ. ಮಿಶ್ರ ಮಾಧ್ಯಮವೆಂಬ ಹೆಸರಿನಡಿ ಕಸವನ್ನು ಅಂಟಿಸಿ ಗೂಢವೆನಿಸುವ ಕೃತಿಗಳು ಜಗತ್ತಿನಲ್ಲಿ ಬೇಕಾದಷ್ಟಿವೆ. ಟಫೆರಿಯವರ ಎತ್ತು ಆ ಗುಂಪಿಗೆ ಸೇರದಿರುವುದು ಅದರ ವಸ್ತುವೇ ಅದರ ವಾದವೂ ಆಗಿರುವುದರಿಂದ. ತಗಡನ್ನು ತೆಗೆದು ಕಂಚು ಹಾಕಿದರೆ ಉಳಿಯುವುದು ಬರಿಯ ಎತ್ತು.

ಪೊರಿರುವಾದೊಂದಿಗೆ ಇನ್ನೂ ನೇರವಾದ ನಂಟಿರುವವರು ರಾಬಿನ್ ವೈಟ್. 1946ರಲ್ಲಿ ಟೆ ಪುಕೆಯಲ್ಲಿ ಹುಟ್ಟಿದ, ನಾಟಿ ಆವಾ ಬುಡಕಟ್ಟಿನ ಮೂಲವುಳ್ಳ ಅವರು ಆಕ್ಲೆಂಡಿನ ಎಲಮ್ ಕಲಾಶಾಲೆಯಲ್ಲಿ ಕಾಲಿನ್ ಮೆಕಾಹನ್ ಅವರ ಶಿಷ್ಯೆಯಾಗಿ ಕಲಿತು, 1969ರಿಂದ ಎರಡು ವರ್ಷ ಪೊರಿರುವಾ ಹಿನ್ನೀರಿನ ಅಂಚಿನ ಬಾಟಲ್ ಕ್ರೀಕ್‌ನಲ್ಲಿ ವಾಸವಿದ್ದು, ಮಾನಾ ಕಾಲೇಜ್ ಎಂಬ ಪ್ರೌಢಶಾಲೆಯಲ್ಲಿ ಚಿತ್ರಕಲೆ ಹೇಳಿಕೊಟ್ಟರು. ಕವಿ ಸ್ಯಾಮ್ ಹಂಟ್ ಅವರ ನೆರೆಯವರಾಗಿದ್ದರು. ಮಾನಾ ರೈಲು ನಿಲ್ದಾಣವೂ ಆ ದಿನಗಳ ಅವರ ಚಿತ್ರಗಳಿಗೆ ವಿಷಯವಾಯಿತು. ಗುಡ್ಡ, ಮನೆ, ಮುಖ ಎಲ್ಲವನ್ನೂ ಗಟ್ಟಿಯಾದ ಗೆರೆ ಮತ್ತು ಸಮತಟ್ಟಾದ ಬಣ್ಣದ ಹರವಿನಲ್ಲಿ ಹಿಡಿಯುವ ಅವರ ಶೈಲಿ ಇಲ್ಲಿಯೇ ಗಟ್ಟಿಗೊಂಡಿತು. 1982ರಲ್ಲಿ ಅವರು ಕುಟುಂಬದೊಂದಿಗೆ ಕಿರಿಬಾಟಿ ದ್ವೀಪರಾಷ್ಟ್ರದ ತರಾವಾಕ್ಕೆ ಹೋದರು. 1996ರಲ್ಲಿ ಬೆಂಕಿ ಬಿದ್ದು ಮನೆ ಮತ್ತು ಕಾರ್ಯಾಗಾರ ಸುಟ್ಟುಹೋದಾಗ, ಸುತ್ತಮುತ್ತ ಸಿಗುವ ವಸ್ತುವಿನಲ್ಲೇ ಕೆಲಸ ಮಾಡಬೇಕಾದ ಪರಿಸ್ಥಿತಿಯಲ್ಲಿ, ಅವರು ಕೇದಗೆ ಜಾತಿಯ ಗಿಡದ ಗರಿಯಿಂದ ಚಾಪೆ ಹೆಣೆಯುವ ಸ್ಥಳೀಯ ಹೆಣ್ಣುಮಕ್ಕಳ ಜೊತೆ ಸೇರಿಕೊಂಡರು. 1998ರ ‘ನ್ಯೂ ಏಂಜಲ್’ ಎಂಬ ಚಾಪೆಗಳ ಸರಣಿಯಲ್ಲಿ ಮೀನಿನ ಡಬ್ಬಿಯ ಮೇಲಿನ ಬ್ರ್ಯಾಂಡ್ ಚಿತ್ರ ಹೆಣಿಗೆಯಾಗಿ ಬಂದಿದೆ. ಟಫೆರಿಯ ಮಾಂಸದ ಡಬ್ಬಿ, ವೈಟ್ ಅವರ ಮೀನಿನ ಡಬ್ಬಿ ಎರಡೂ ಒಂದೇ ದಶಕದಲ್ಲಿ ಕಲೆಯೊಳಕ್ಕೆ ಬಂದದ್ದು ಕಾಕತಾಳೀಯವಲ್ಲ, ದ್ವೀಪಗಳ ಅಂಗಡಿಯ ಕಪಾಟಿನಲ್ಲಿ ಆಗ ಕಾಣುತ್ತಿದ್ದದ್ದು ಅವೇ.

ಅಲ್ಲಿಂದ ಮುಂದೆ ವೈಟ್ ತೊಗಟೆ ಬಟ್ಟೆಯತ್ತ ನಡೆದರು. ಕಾಗದದ ಹಿಪ್ಪುನೇರಳೆ ಎಂಬ ಗಿಡದ ಒಳತೊಗಟೆಯನ್ನು ಸುಲಿದು, ನೆನೆಸಿ, ಮರದ ದಿಮ್ಮಿಯ ಮೇಲಿಟ್ಟು ಕೊಡತಿಯಿಂದ ಬಡಿದರೆ ನಾರುಗಳು ಬಿಡಿಸಿಕೊಳ್ಳುತ್ತ ಕೈಯಗಲದ ಪಟ್ಟಿ ಮೊಳದಗಲದ ಹಾಳೆಯಾಗುತ್ತದೆ. ಅಂಥ ಹಾಳೆಗಳನ್ನು ಗೆಡ್ಡೆಯ ಗಂಜಿಯಿಂದ ಒಂದಕ್ಕೊಂದು ಅಂಟಿಸಿ ಕೋಣೆಯಷ್ಟು ಉದ್ದ ಮಾಡಬಹುದು. ಬಣ್ಣ ಮರದ ತೊಗಟೆಯ ಕಷಾಯದ್ದು, ಮಣ್ಣಿನದು, ಕಪ್ಪಾದರೆ ದೀಪದ ಮಸಿಯದು. ಸಮೋವಾದಲ್ಲಿ ಸಿಯಾಪೊ, ಟೊಂಗಾದಲ್ಲಿ ಙಾಟು, ಫಿಜಿಯಲ್ಲಿ ಮಾಸಿ ಎಂದು ಕರೆಯುವ ಈ ಬಟ್ಟೆಯ ಮೇಲೆ ವೈಟ್ ಒಬ್ಬರೇ ಬರೆಯುವುದಿಲ್ಲ. ಫಿಜಿಯ ಲೇಬಾ ಟೋಕಿ ಮತ್ತು ಬಾಲೆ ಜಿಯೋನೆ ಅವರೊಂದಿಗೆ ಮಾಡಿದ ‘ಟೇಟೇ ವೌ’ ಕೃತಿಯು 2009ರಲ್ಲಿ ಬ್ರಿಸ್ಬೇನಿನ ಏಷ್ಯಾ ಪೆಸಿಫಿಕ್ ತ್ರೈವಾರ್ಷಿಕದಲ್ಲಿ ಪ್ರದರ್ಶನಗೊಂಡಿತು. ಮುಂದೆ ಟೊಂಗಾ ಮೂಲದ ರುಹಾ ಫಿಫಿಟಾ ಅವರೊಂದಿಗೆ ದೊಡ್ಡ ಙಾಟುಗಳು ಬಂದವು. ಸಸ್ಯದ ನಾರಿನ ಹಾಳೆ, ನೀರಿನಲ್ಲಿ ಕದಡಿದ ಬಣ್ಣ, ಹಚ್ಚದೆ ಬಿಟ್ಟ ಜಾಗದಲ್ಲಿ ಮೂಡುವ ಬೆಳಕು: ತಾಂತ್ರಿಕವಾಗಿ ನೋಡಿದರೆ ಇದಕ್ಕೂ ಜಲವರ್ಣಕ್ಕೂ ನಡುವಿನ ದೂರ ಕಲಾಚರಿತ್ರೆಯ ಪುಸ್ತಕಗಳು ತೋರಿಸುವಷ್ಟು ಇಲ್ಲ. ಒಂದು ‘ಲಲಿತಕಲೆ’, ಇನ್ನೊಂದು ‘ಕರಕುಶಲ’ ಎಂಬ ವಿಭಾಗ ವಸ್ತುವಿನಿಂದ ಹುಟ್ಟಿದ್ದಲ್ಲ, ಮೋಜಣಿದಾರರೊಂದಿಗೆ ಹಡಗಿನಲ್ಲಿ ಬಂದದ್ದು.

ಈ ಎಳೆಗಳೆಲ್ಲ ಊರಿನೊಳಗೆ ಒಂದೆಡೆ ಸೇರುವುದು ‘ಪಾಟಕಾ’ ಎಂಬ ಕಲಾಗ್ಯಾಲರಿ ಮತ್ತು ಸಂಗ್ರಹಾಲಯದಲ್ಲಿ. ಮಾವೊರಿ ಹಳ್ಳಿಯಲ್ಲಿ ಕಂಬಗಳ ಮೇಲೆ ಕಟ್ಟುವ ಕಣಜದ ಹೆಸರನ್ನು ಹೊತ್ತ, ಗ್ರಂಥಾಲಯವೂ ಜಪಾನೀ ಉದ್ಯಾನವೂ ಜೊತೆಗಿರುವ ಈ ಸಂಸ್ಥೆಯನ್ನು ಹಲವು ವರ್ಷ ಮುನ್ನಡೆಸಿದ ಡಾರ್ಸಿ ನಿಕೊಲಸ್ ಸ್ವತಃ ಚಿತ್ರಕಾರರು. ಹೆಸರಾಂತರ ದೊಡ್ಡ ಪ್ರದರ್ಶನಗಳ ಪಕ್ಕದಲ್ಲೇ ಊರಿನ ಕಲಾವಿದರಿಗೆಂದು ಮೀಸಲಾದ ಚಿಕ್ಕ ಗ್ಯಾಲರಿಗೆ ಇಲ್ಲಿ ಇಟ್ಟಿರುವ ಹೆಸರು ‘ಬಾಟಲ್ ಕ್ರೀಕ್’. ಹೊಸ ಕಲಾವಿದರನ್ನು ಹುಡುಕುವವರು ಮೊದಲು ಹೋಗಬೇಕಾದದ್ದು ಈ ಚಿಕ್ಕ ಕೋಣೆಗೆ, ಮತ್ತು ಅಲ್ಲಿ ಸಹಿಗಿಂತ ಮೊದಲು ಓದಬೇಕಾದದ್ದು ಚಿತ್ರದ ಪಕ್ಕದ ಚೀಟಿಯನ್ನು. ಬರಿಯ ‘ಮಿಶ್ರ ಮಾಧ್ಯಮ’ ಎಂದಷ್ಟೇ ಬರೆದ ಚೀಟಿ ಏನನ್ನೂ ತಿಳಿಸುವುದಿಲ್ಲ. ಜಲವರ್ಣ, ಶಾಯಿ, ಇದ್ದಿಲು, ತೊಗಟೆ ಬಟ್ಟೆ ಎಂದು ಬಿಡಿಸಿ ಬರೆದದ್ದಿದ್ದರೆ, ನೀರು ಕುಡಿಯುವ ಮೇಲ್ಮೈ ಯಾವುದು, ನೀರನ್ನು ದೂಡುವ ವಸ್ತು ಯಾವುದು, ಅವೆರಡನ್ನು ಕಲಾವಿದ ಎಲ್ಲಿ ಎದುರುಬದುರು ಮಾಡಿದ್ದಾನೆ ಎಂಬುದು ಚಿತ್ರದಲ್ಲಿ ಕಾಣತೊಡಗುತ್ತದೆ.

ಕೋಣೆ ಸ್ವಲ್ಪ ಮಬ್ಬಾಗಿದ್ದರೆ ದೂರಬೇಕಾದದ್ದಿಲ್ಲ. ಜಲವರ್ಣದ ತೆಳು ಪದರ ಬೆಳಕಿಗೆ ಬೇಗ ಮಾಸುವುದರಿಂದ ಸಂಗ್ರಹಾಲಯಗಳು ಅದರ ಮೇಲೆ ಬೀಳುವ ಬೆಳಕನ್ನು ಸುಮಾರು 50 ಲಕ್ಸ್‌ಗೆ, ಅಂದರೆ ಓದುವ ಮೇಜಿನ ಬೆಳಕಿಗಿಂತ ಬಹಳ ಕಡಿಮೆಗೆ, ಮಿತಿಗೊಳಿಸಿ, ಕೆಲವು ತಿಂಗಳ ಪ್ರದರ್ಶನದ ನಂತರ ಕೃತಿಯನ್ನು ಕತ್ತಲ ಕಪಾಟಿಗೆ ಹಿಂದಿರುಗಿಸುತ್ತವೆ. ಕಾಗದವನ್ನು ಮತ್ತೆ ಮತ್ತೆ ನೀರಿನಲ್ಲಿ ಅದ್ದಿ ಬಣ್ಣದ ಪದರಗಳನ್ನು ಏರಿಸುವ ವಾಶ್ ವಿಧಾನವನ್ನು ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರಿಂದ ಕಲಿತ ಕೆ. ವೆಂಕಟಪ್ಪನವರ (1886–1965) ಊಟಿಯ ಚಿತ್ರಗಳಿಗೂ ಇದೇ ನಿಯಮ ಅನ್ವಯಿಸುತ್ತದೆ.

ಗ್ಯಾಲರಿಯ ಹೊರಗೂ ಹುಡುಕಾಟಕ್ಕೆ ದಾರಿಗಳಿವೆ. ಜಲವರ್ಣಕಾರರ ಸಂಘ ‘ವಾಟರ್‌ಕಲರ್ ನ್ಯೂಜಿಲೆಂಡ್’ ವೆಲಿಂಗ್ಟನ್ನಿನಲ್ಲಿ ‘ಸ್ಪ್ಲ್ಯಾಶ್’ ಎಂಬ ಪ್ರದರ್ಶನವನ್ನು ನಡೆಸುತ್ತ ಬಂದಿದೆ. ಅದರಲ್ಲಿ ಹೀಫಿಯ ಕಾಲದ ತಿಳಿಗುಡ್ಡಗಳನ್ನು ಇಂದಿಗೂ ಬರೆಯುವವರು ಬಹಳ ಮಂದಿ ಸಿಗುತ್ತಾರೆ, ಅವರ ನಡುವೆ ಅಪರೂಪಕ್ಕೆ ಬೇರೆ ದನಿಯೂ ಸಿಗುತ್ತದೆ. ಪೊರಿರುವಾದ ಉತ್ತರಕ್ಕೆ ತಾಗಿಕೊಂಡಿರುವ ಕಾಪಿಟಿ ಕರಾವಳಿಯ ಕಲಾಯಾತ್ರೆಯ ವಾರಾಂತ್ಯಗಳಲ್ಲಿ ಕಲಾವಿದರು ತಮ್ಮ ಕಾರ್ಯಾಗಾರಗಳನ್ನೇ ಜನರಿಗೆ ತೆರೆದಿಡುತ್ತಾರೆ. ಅಲ್ಲಿ ಕಾಗದವನ್ನು ನೆನೆಸಿ ಹಲಗೆಗೆ ಬಿಗಿದಿರುವುದನ್ನೂ, ಕೃತಿಯ ಹಿಂಬದಿಯನ್ನೂ ನೋಡಬಹುದು. ಬಳಸಿದ ಕೆಂಪು ಬೆಳಕಿಗೆ ನಿಲ್ಲುವಂಥದ್ದೇ, ಅಂಟು ಯಾವುದು, ಕಾಗದ ಚದರ ಮೀಟರಿಗೆ ಎಷ್ಟು ಗ್ರಾಂ ತೂಗುವಂಥದ್ದು ಎಂದು ಬಣ್ಣ ಕಲಸಿದವರನ್ನೇ ಕೇಳಿ ತಿಳಿದುಕೊಳ್ಳಲೂಬಹುದು.