ಸ್ನಾಯುಗಳ ಮುಪ್ಪು

ಕುರ್ಚಿಯಿಂದ ಎದ್ದು ನಿಲ್ಲುವುದು ತರುಣರಿಗೆ ಒಂದು ಕೆಲಸವೆಂದೇ ತೋರದು. ಆದರೆ ಎಂಬತ್ತು ದಾಟಿದ ಅನೇಕರು ಕೈ ಊರದೆ ಏಳಲಾರರು. ಹಾಗೆ ಏಳಲಾಗದವರಿಗೆ ಸ್ನಾನದ ಮನೆಗೆ ಹೋಗಲೂ ಇನ್ನೊಬ್ಬರ ನೆರವು ಬೇಕಾಗುತ್ತದೆ. ಬಾಳಿನ ಸ್ವಾತಂತ್ರ್ಯವು ತೊಡೆಯ ಸ್ನಾಯುಗಳನ್ನು ಇಷ್ಟರಮಟ್ಟಿಗೆ ಅವಲಂಬಿಸಿದೆ! ಈ ದೌರ್ಬಲ್ಯವು ಮುಪ್ಪಿನ ಅನಿವಾರ್ಯ ಫಲವೇ? ನಾವು ಪರಿಶೀಲಿಸೋಣ.

ಎಲುಬುಗಳನ್ನು ಆಡಿಸುವ ಸ್ನಾಯುಗಳು ನಮ್ಮ ದೇಹದಲ್ಲಿ 600ಕ್ಕೂ ಹೆಚ್ಚಾಗಿವೆ. ಆರೋಗ್ಯವಂತ ತರುಣನ ತೂಕದಲ್ಲಿ ಸುಮಾರು ಶೇಕಡ 40 ಭಾಗ ಇವುಗಳದೇ. ಸ್ನಾಯುವೆಂಬುದು ಕೂದಲೆಳೆಯಂತಹ ತಂತುಗಳ ಕಟ್ಟು. ತಂತುವಿನೊಳಗೆ ಆಕ್ಟಿನ್ ಮತ್ತು ಮಯೋಸಿನ್ ಎಂಬ ಪ್ರೋಟೀನುಗಳ ಸೂಕ್ಷ್ಮ ಎಳೆಗಳಿವೆ. ಇವು ಒಂದರ ಪಕ್ಕದಲ್ಲೊಂದು ಜಾರಿದಾಗ ತಂತು ಮೊಟಕಾಗಿ, ಸ್ನಾಯು ಸಂಕೋಚಗೊಳ್ಳುತ್ತದೆ. ಆದರೆ ತಂತುಗಳು ತಾವಾಗಿ ದುಡಿಯುವುದಿಲ್ಲ. ಮಿದುಳುಬಳ್ಳಿಯಲ್ಲಿರುವ ನರಕೋಶಗಳು ಆಜ್ಞೆ ಕೊಡಬೇಕು. ಒಂದೊಂದು ನರಕೋಶದ ಅಧೀನದಲ್ಲಿಯೂ ಹಲವು ತಂತುಗಳಿರುತ್ತವೆ.

ವಯಸ್ಸಾದಂತೆ ಈ ನರಕೋಶಗಳಲ್ಲಿ ಕೆಲವು ನಶಿಸುತ್ತವೆ. ಆಗ ಅನಾಥವಾದ ತಂತುಗಳಲ್ಲಿ ಕೆಲವನ್ನು ನೆರೆಯ ನರಗಳು ದತ್ತು ತೆಗೆದುಕೊಳ್ಳುತ್ತವೆ, ಉಳಿದವು ಸೊರಗುತ್ತವೆ. ರಭಸದಿಂದ ಸಂಕೋಚಗೊಳ್ಳುವ ತಂತುಗಳಿಗೇ ನಷ್ಟ ಹೆಚ್ಚು. ಎಡವಿದಾಗ ಥಟ್ಟನೆ ಕಾಲೂರಿ ಬೀಳದಂತೆ ಸಾವರಿಸಿಕೊಳ್ಳಲು ಬೇಕಾದವು ಇವೇ. ಮೂವತ್ತು ದಾಟಿದ ಮೇಲೆ ಹತ್ತು ವರ್ಷಗಳಿಗೆ ಸುಮಾರು ಶೇಕಡ 3ರಿಂದ 8ರಷ್ಟು ಸ್ನಾಯು ಕ್ಷಯಿಸುತ್ತದೆಂದು ಅಂದಾಜು; ಅರವತ್ತರ ನಂತರ ಈ ವೇಗ ಇನ್ನೂ ಹೆಚ್ಚು. 1989ರಲ್ಲಿ ಇರ್ವಿನ್ ರೋಸೆನ್‌ಬರ್ಗ್ ಎಂಬ ಅಮೆರಿಕದ ವಿಜ್ಞಾನಿ ಇದಕ್ಕೆ 'ಸಾರ್ಕೊಪೀನಿಯಾ' ಎಂದು ಹೆಸರಿಟ್ಟರು. ಗ್ರೀಕ್ ಭಾಷೆಯಲ್ಲಿ ಇದರ ಅರ್ಥ 'ಮಾಂಸದ ಬಡತನ'.

ಆದರೆ ವಯಸ್ಸೊಂದೇ ಅಪರಾಧಿಯಲ್ಲ. ಭಾರ ಹೊರುವ ಕೆಲಸವಿಲ್ಲದ ಅಂತರಿಕ್ಷದಲ್ಲಿ ದೃಢಕಾಯರಾದ ಯಾತ್ರಿಗಳ ಸ್ನಾಯುಗಳೂ ಕರಗುತ್ತವೆ. ಆದುದರಿಂದಲೇ ಅವರು ಅಲ್ಲಿ ದಿನಕ್ಕೆ ಸುಮಾರು 2 ಗಂಟೆ ವ್ಯಾಯಾಮಕ್ಕೆ ಮೀಸಲಿಡುತ್ತಾರೆ.

ಹಾಗಾದರೆ ಕಳೆದುಹೋದ ಬಲವನ್ನು ಮುಪ್ಪಿನಲ್ಲಿ ಮರಳಿ ಪಡೆಯಬಹುದೇ? ಮರಿಯಾ ಫಿಯಾಟರೋನ್ ಮತ್ತು ಸಂಗಡಿಗರು 1990ರಲ್ಲಿ ಇದಕ್ಕೆ ಉತ್ತರವಿತ್ತರು. ಬಾಸ್ಟನ್ನಿನ ವೃದ್ಧರ ಶುಶ್ರೂಷಾಲಯವೊಂದರಲ್ಲಿ ತೊಂಬತ್ತರ ಆಸುಪಾಸಿನ 10 ಮಂದಿಗೆ ಅವರು ಕಾಲಿನಿಂದ ಭಾರವೆತ್ತುವ ಶಿಕ್ಷಣ ಕೊಟ್ಟರು. 8 ವಾರ ಪೂರೈಸಿದವರ ತೊಡೆಯ ಬಲ ಸರಾಸರಿ ಶೇಕಡ 174ರಷ್ಟು ಹೆಚ್ಚಿತು! ಇಬ್ಬರು ಊರುಗೋಲನ್ನೇ ಬಿಟ್ಟರು.

ಇಲ್ಲೊಂದು ಸೋಜಿಗವುಂಟು. ಅವರ ಸ್ನಾಯುವಿನ ಗಾತ್ರ ಹೆಚ್ಚಿದ್ದು ಶೇಕಡ 9ರಷ್ಟು ಮಾತ್ರ. ಉಳಿದ ಬಲ ಬಂದುದೆಲ್ಲಿಂದ? ಮುಖ್ಯವಾಗಿ ನರಗಳಿಂದ. ಸುಮ್ಮನೆ ಮಲಗಿದ್ದ ತಂತುಗಳನ್ನು ಎಬ್ಬಿಸಿ ಒಟ್ಟಿಗೆ ದುಡಿಸುವುದನ್ನು ನರಗಳು ಬೇಗ ಕಲಿಯುತ್ತವೆ. ಸ್ನಾಯು ಬೆಳೆಯುವುದು ನಿಧಾನ. ಆದರೆ ವ್ಯಾಯಾಮ ನಿಲ್ಲಿಸಿದ ನಾಲ್ಕೇ ವಾರಗಳಲ್ಲಿ ಬಲ ಶೇಕಡ 32ರಷ್ಟು ಕುಗ್ಗಿತು. ಕೂಡಿಟ್ಟರೆ ಸಾಲದು, ದುಡಿಸುತ್ತಲೇ ಇರಬೇಕು.

ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮವನ್ನು ವಯಸ್ಕರು ವಾರದಲ್ಲಿ ಕನಿಷ್ಠ 2 ದಿನ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಸೂಚಿಸಿದೆ. ಇದಕ್ಕೆ ಯಂತ್ರಗಳೇ ಬೇಕೆಂದಿಲ್ಲ. ನಮ್ಮ ಗರಡಿಮನೆಗಳ ಬಸ್ಕಿ, ಮೆಟ್ಟಿಲು ಹತ್ತುವುದು, ವೃದ್ಧರಿಗೆ ಕುರ್ಚಿಯಿಂದ ಮತ್ತೆ ಮತ್ತೆ ಏಳುವುದು, ಇವೂ ವ್ಯಾಯಾಮವೇ. ಕಾಯಿಲೆಯುಳ್ಳವರು ವೈದ್ಯರನ್ನು ಕೇಳಿ ಆರಂಭಿಸುವುದು ಮೇಲು. ಸ್ನಾಯು ಕಟ್ಟುವ ಸಾಮಗ್ರಿಯಾದ ಪ್ರೋಟೀನು ಬೇಳೆ, ಹಾಲು, ಮೊಟ್ಟೆಗಳಲ್ಲಿದೆ.

ಸ್ನಾಯುಸಂಪತ್ತು ಹೆಚ್ಚಾಗಿ ಶೇಖರವಾಗುವುದು ಮೂವತ್ತರೊಳಗೆ. ಆದುದರಿಂದ ವಿದ್ಯಾರ್ಥಿಗಳು ಇಂದು ಆಟದ ಬಯಲಿನಲ್ಲಿ ಕಳೆಯುವ ಗಂಟೆ ವ್ಯರ್ಥವಲ್ಲ. ಎಂಬತ್ತರಲ್ಲಿ ಅವರನ್ನು ಕುರ್ಚಿಯಿಂದ ಎಬ್ಬಿಸುವ ಬಲ ಕೂಡತೊಡಗುವುದು ಅಲ್ಲಿಯೇ.