ಉಂಗುರದಂತೆ ಹರಡುವ ತುರಿಕೆ: ಮುಲಾಮು ಹಚ್ಚಿದರೂ ಮರುಕಳಿಸುವುದೇಕೆ?

ತೊಡೆಸಂದಿನಲ್ಲಿ ಅಥವಾ ಸೊಂಟದ ಸುತ್ತ ಸಣ್ಣದೊಂದು ಕೆಂಪು ಕಲೆ. ಬೆವರಿದಾಗ ತಡೆಯಲಾರದ ತುರಿಕೆ. ಹತ್ತಿರದ ಔಷಧ ಅಂಗಡಿಯಿಂದ ತಂದ ಮುಲಾಮು ಹಚ್ಚಿದ ಎರಡು ಮೂರು ದಿನಗಳಲ್ಲಿ ತುರಿಕೆ ಮಾಯ. ರೋಗ ವಾಸಿಯಾಯಿತೆಂದು ಮುಲಾಮು ನಿಲ್ಲಿಸಿದರೆ, ಕೆಲವೇ ದಿನಗಳಲ್ಲಿ ಅದೇ ಕಲೆ ಮೊದಲಿಗಿಂತ ಅಗಲವಾಗಿ ಮರಳಿರುತ್ತದೆ. ಮತ್ತೆ ಅದೇ ಅಂಗಡಿ, ಅದೇ ಟ್ಯೂಬು. ಹೀಗೆಯೇ ತಿಂಗಳುಗಳು, ಕೆಲವೊಮ್ಮೆ ವರ್ಷಗಳೇ ಉರುಳುತ್ತವೆ. ಅಷ್ಟರಲ್ಲಿ ಮನೆಯ ಇತರರಿಗೂ ತುರಿಕೆ ಅಂಟಿಕೊಂಡಿರುತ್ತದೆ.

ಹುಳುಕಡ್ಡಿ, ಕೆಲವೆಡೆ ಗಜಕರ್ಣ ಎಂದು ಕರೆಯಲಾಗುವ ಈ ಕಾಯಿಲೆ ಹೊಸದೇನಲ್ಲ. ಆದರೆ ಹಿಂದೆ ಕೆಲವು ವಾರಗಳ ಚಿಕಿತ್ಸೆಗೆ ಬಗ್ಗುತ್ತಿದ್ದ ಅದು ಕಳೆದ ಒಂದು ದಶಕದಿಂದೀಚೆಗೆ ಭಾರತದಲ್ಲಿ ಹಠಮಾರಿ ರೋಗವಾಗಿ ಮಾರ್ಪಟ್ಟಿದೆ. ಇದಕ್ಕೆ ರೋಗಾಣು ಎಷ್ಟು ಕಾರಣವೋ, ಸ್ವಯಂ ಚಿಕಿತ್ಸೆಯೂ ಅಷ್ಟೇ ಕಾರಣ.

ಹುಳುವಲ್ಲ, ಶಿಲೀಂಧ್ರ

ಹೆಸರಿನಲ್ಲಿ ಹುಳುವಿದ್ದರೂ ಈ ರೋಗಕ್ಕೂ ಹುಳುವಿಗೂ ಸಂಬಂಧವಿಲ್ಲ. ಚರ್ಮ, ಕೂದಲು ಮತ್ತು ಉಗುರುಗಳಲ್ಲಿರುವ ಕೆರಾಟಿನ್ ಎಂಬ ಪ್ರೋಟೀನನ್ನೇ ಆಹಾರವಾಗಿಸಿಕೊಂಡು ಬದುಕುವ ಶಿಲೀಂಧ್ರ ಇದಕ್ಕೆ ಮೂಲ. ಶಿಲೀಂಧ್ರವು ಕೇಂದ್ರದಿಂದ ಹೊರಮುಖವಾಗಿ ಬೆಳೆಯುವುದರಿಂದ ಕಲೆಯ ಅಂಚು ಉಬ್ಬಿ, ಕೆಂಪಾಗಿ, ಸಿಪ್ಪೆ ಎದ್ದಂತೆ ಕಾಣುತ್ತದೆ. ನಡುಭಾಗ ಮಾತ್ರ ತಿಳಿಯಾಗಿರುತ್ತದೆ. ಉಂಗುರದ ಆಕಾರ ಬರುವುದು ಹೀಗೆ. ಬೆವರು ನಿಲ್ಲುವ ತೊಡೆಸಂದು, ಪೃಷ್ಠ, ಸೊಂಟ, ಕಂಕುಳು ಮತ್ತು ಸ್ತನಗಳ ಕೆಳಭಾಗ ಇದಕ್ಕೆ ಮೆಚ್ಚಿನ ತಾಣಗಳು. ಕರಾವಳಿಯ ಸೆಕೆ, ಮಲೆನಾಡಿನ ಮಳೆಗಾಲದ ತೇವ, ನಗರಗಳಲ್ಲಿ ದಿನವಿಡೀ ಧರಿಸುವ ಬಿಗಿಯಾದ ಜೀನ್ಸ್, ಇವೆಲ್ಲವೂ ಶಿಲೀಂಧ್ರಕ್ಕೆ ಅನುಕೂಲಕರವೇ. ಮಧುಮೇಹಿಗಳಲ್ಲಿ ಸೋಂಕಿನ ಸಾಧ್ಯತೆ ಹೆಚ್ಚು.

ತುರಿಕೆಗಳೆಲ್ಲ ಒಂದೇ ಅಲ್ಲ

ತುರಿಸುವ ಕಲೆಯೆಲ್ಲವೂ ಹುಳುಕಡ್ಡಿಯಲ್ಲ. ಬೆರಳ ಸಂದು, ಮಣಿಕಟ್ಟು, ಹೊಕ್ಕುಳ ಸುತ್ತ ಸಣ್ಣ ಗುಳ್ಳೆಗಳೆದ್ದು ರಾತ್ರಿ ವೇಳೆ ತುರಿಕೆ ವಿಪರೀತವಾದರೆ, ಜತೆಗೆ ಮನೆಮಂದಿಯೆಲ್ಲ ತುರಿಸಿಕೊಳ್ಳುತ್ತಿದ್ದರೆ, ಅದು ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಯಿಂದ ಬರುವ ಕಜ್ಜಿಯಾಗಿರಬಹುದು. ಮೊಣಕೈ ಮತ್ತು ಮೊಣಕಾಲಿನ ಒಳಮಡಿಕೆಗಳಲ್ಲಿ ಒಣಗಿದ, ಒರಟಾದ ಕಲೆಗಳಿದ್ದು, ಮನೆತನದಲ್ಲಿ ಆಸ್ತಮಾ ಅಥವಾ ಅಲರ್ಜಿಯ ಇತಿಹಾಸವಿದ್ದರೆ ಇಸುಬಿನ ಸಾಧ್ಯತೆ ಇದೆ. ಮೊಣಕೈ, ಮೊಣಕಾಲು ಮತ್ತು ನೆತ್ತಿಯ ಮೇಲೆ ದಪ್ಪನೆಯ ಬೆಳ್ಳಿಬಣ್ಣದ ಹೊಟ್ಟು ಕಂಡರೆ ಸೋರಿಯಾಸಿಸ್ ಇರಬಹುದು. ಕೈಗಡಿಯಾರದ ಪಟ್ಟಿ, ಬಿಂದಿ, ನಕಲಿ ಆಭರಣ ತಾಗಿದ ಜಾಗದಲ್ಲಷ್ಟೇ ತುರಿಕೆಯಿದ್ದರೆ ಆ ವಸ್ತುವಿನ ಅಲರ್ಜಿಯೇ ಕಾರಣವಿರಬಹುದು.

ತುರಿಕೆಯಿಲ್ಲದ, ತಿಳಿಬಣ್ಣದ, ಮುಟ್ಟಿದರೆ ಸ್ಪರ್ಶವೇ ತಿಳಿಯದ ಮಚ್ಚೆಯನ್ನು ಮಾತ್ರ ಯಾವ ಕಾರಣಕ್ಕೂ ಅಲಕ್ಷಿಸಬಾರದು. ಅದು ಕುಷ್ಠರೋಗದ ಲಕ್ಷಣವಾಗಿರಬಹುದು. ಸರ್ಕಾರಿ ಆಸ್ಪತ್ರೆಗಳಲ್ಲಿ ಇದಕ್ಕೆ ಉಚಿತ ಚಿಕಿತ್ಸೆ ಲಭ್ಯವಿದ್ದು, ಆರಂಭದಲ್ಲೇ ಪತ್ತೆಯಾದರೆ ಅಂಗವೈಕಲ್ಯ ತಡೆಯಬಹುದು.

ಅನುಮಾನವಿದ್ದಲ್ಲಿ ಸರಳ ಪರೀಕ್ಷೆಯೊಂದಿದೆ. ಕಲೆಯ ಅಂಚಿನಿಂದ ಕೆರೆದು ತೆಗೆದ ಹೊಟ್ಟನ್ನು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಶಿಲೀಂಧ್ರದ ಎಳೆಗಳು ಕಾಣಿಸುತ್ತವೆ. ಈ ಪರೀಕ್ಷೆಗೆ ಹೆಚ್ಚು ಖರ್ಚಿಲ್ಲ, ಹೆಚ್ಚು ಸಮಯವೂ ಬೇಕಿಲ್ಲ.

ಉಪಶಮನದ ಮೋಸ

ಔಷಧ ಅಂಗಡಿಗಳಲ್ಲಿ ‘ತುರಿಕೆ ಮುಲಾಮು’ ಎಂದು ಕೇಳಿದಾಗ ದೊರೆಯುವ ಅನೇಕ ಟ್ಯೂಬುಗಳಲ್ಲಿ ಶಿಲೀಂಧ್ರನಾಶಕ ಮತ್ತು ಆ್ಯಂಟಿಬಯಾಟಿಕ್ ಜತೆ ಪ್ರಬಲ ಸ್ಟೀರಾಯ್ಡ್ ಕೂಡ ಬೆರೆತಿರುತ್ತದೆ. ಸ್ಟೀರಾಯ್ಡ್ ಶಿಲೀಂಧ್ರವನ್ನು ಕೊಲ್ಲುವುದಿಲ್ಲ. ಶಿಲೀಂಧ್ರದ ವಿರುದ್ಧ ಚರ್ಮ ತೋರುವ ಪ್ರತಿರೋಧವನ್ನು ಅದು ಅಡಗಿಸುತ್ತದೆ. ಕೆಂಪು, ಉರಿ ಮತ್ತು ತುರಿಕೆ ಆ ಪ್ರತಿರೋಧದ ಭಾಗವೇ ಆಗಿರುವುದರಿಂದ ಅವು ತಗ್ಗುತ್ತವೆ. ಶಿಲೀಂಧ್ರ ಮಾತ್ರ ಅಡ್ಡಿಯಿಲ್ಲದೆ ಹಬ್ಬುತ್ತದೆ. ಮುಲಾಮು ನಿಂತೊಡನೆ ಎಲ್ಲವೂ ಒಮ್ಮೆಲೇ ಉಲ್ಬಣಿಸುತ್ತದೆ.

ಇಂತಹ ಲೇಪನಗಳ ದೀರ್ಘ ಬಳಕೆಯಿಂದ ಉಂಗುರದ ಅಂಚು ಅಳಿಸಿಹೋಗಿ, ವೈದ್ಯರಿಗೂ ರೋಗ ಗುರುತಿಸುವುದು ಕಷ್ಟವಾಗುತ್ತದೆ. ಕೆಲವರಲ್ಲಿ ಒಂದರೊಳಗೊಂದು ಉಂಗುರಗಳು ಮೂಡುತ್ತವೆ. ಚರ್ಮ ತೆಳುವಾಗುತ್ತದೆ. ತೊಡೆ ಮತ್ತು ಕಂಕುಳಿನಲ್ಲಿ ಮೂಡುವ ಬಿರುಕಿನಂತಹ ಗೆರೆಗಳು ಶಾಶ್ವತವಾಗಿ ಉಳಿಯುತ್ತವೆ. ಮುಖಕ್ಕೆ ಹಚ್ಚಿದರೆ ಮೊಡವೆ, ಕೆಂಪು ಮತ್ತು ಅನಗತ್ಯ ರೋಮ ಬೆಳೆಯುವ ಅಪಾಯವಿದೆ.

ಈ ದುರ್ಬಳಕೆಯ ವಿರುದ್ಧ ಚರ್ಮರೋಗ ತಜ್ಞರ ರಾಷ್ಟ್ರೀಯ ಸಂಘ ದನಿಯೆತ್ತಿದ ಬಳಿಕ, 2018ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯವು ಹಲವು ಸ್ಟೀರಾಯ್ಡ್ ಲೇಪನಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲದ ಶೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿತು. ಆದರೂ ಚೀಟಿ ಕೇಳದೆ ಮಾರುವ ಪರಿಪಾಠ ಪೂರ್ತಿ ನಿಂತಿಲ್ಲ. ಹೀಗಾಗಿ ಕೊಳ್ಳುವವರೇ ಟ್ಯೂಬಿನ ಮೇಲಿನ ಸಣ್ಣ ಅಕ್ಷರಗಳನ್ನು ಓದುವುದು ಉಚಿತ. ಕ್ಲೋಬೆಟಾಸಾಲ್, ಬೆಟಾಮೆಥಾಸೋನ್, ಬೆಕ್ಲೋಮೆಥಾಸೋನ್, ಮೊಮೆಟಾಸೋನ್ ಎಂಬ ಹೆಸರುಗಳಿದ್ದರೆ ಅದು ಸ್ಟೀರಾಯ್ಡ್ ಇರುವ ಲೇಪನ.

ಔಷಧಕ್ಕೆ ಬಗ್ಗದ ತಳಿ

ರೋಗಾಣುವೂ ಬದಲಾಗಿದೆ. ಟ್ರೈಕೋಫೈಟಾನ್ ಇಂಡೋಟಿನಿಯೆ ಎಂಬ ಶಿಲೀಂಧ್ರವನ್ನು 2020ರಲ್ಲಿ ಜಪಾನಿನ ಸಂಶೋಧಕರು ಪ್ರತ್ಯೇಕ ಪ್ರಭೇದವೆಂದು ಹೆಸರಿಸಿದರು. ಹುಳುಕಡ್ಡಿಗೆ ಬಹುಕಾಲದಿಂದ ನೀಡುತ್ತಿದ್ದ ಟರ್ಬಿನಾಫಿನ್ ಔಷಧವು ಶಿಲೀಂಧ್ರದ ಜೀವಕೋಶದ ಪೊರೆ ರೂಪುಗೊಳ್ಳಲು ಬೇಕಾದ ಕಿಣ್ವವೊಂದನ್ನು ತಡೆಯುತ್ತದೆ. ಈ ಪ್ರಭೇದದ ಅನೇಕ ತಳಿಗಳಲ್ಲಿ ಆ ಕಿಣ್ವದ ವಂಶವಾಹಿಯೇ ಬದಲಾಗಿರುವುದರಿಂದ ಔಷಧ ನಾಟುವುದಿಲ್ಲ. ದಕ್ಷಿಣ ಏಷ್ಯಾದಲ್ಲಿ ವ್ಯಾಪಕವಾಗಿರುವ ಈ ಸೋಂಕು ಈಗ ಇತರ ಖಂಡಗಳಿಗೂ ಹಬ್ಬಿದ್ದು, ಅಮೆರಿಕದ ಮೊದಲ ಪ್ರಕರಣಗಳು ನ್ಯೂಯಾರ್ಕ್‌ನಲ್ಲಿ ಪತ್ತೆಯಾದ ಬಗ್ಗೆ 2023ರಲ್ಲಿ ವರದಿಯಾಯಿತು.

ಚಿಕಿತ್ಸೆಗೆ ತಾಳ್ಮೆ ಬೇಕು

ಸೋಂಕು ಒಂದೆರಡು ಕಲೆಗಳಿಗೆ ಸೀಮಿತವಾಗಿದ್ದರೆ ಸ್ಟೀರಾಯ್ಡ್ ಬೆರೆಸದ ಶಿಲೀಂಧ್ರನಾಶಕ ಲೇಪನ ಸಾಕಾಗಬಹುದು. ಅದನ್ನು ಕಲೆಯ ಮೇಲಷ್ಟೇ ಅಲ್ಲದೆ ಅಂಚಿನಿಂದ ಸುಮಾರು 2 ಸೆಂಟಿಮೀಟರ್ ಆಚೆಗೂ ಹಚ್ಚಬೇಕು; ಕಲೆ ಮಾಯವಾದ ಬಳಿಕವೂ ಸುಮಾರು 2 ವಾರ ಮುಂದುವರಿಸಬೇಕು. ಹೆಚ್ಚಿನವರು ಎಡವುವುದು ಇಲ್ಲಿಯೇ.

ವ್ಯಾಪಕವಾಗಿ ಹರಡಿದ್ದರೆ ಅಥವಾ ಮರುಕಳಿಸುತ್ತಿದ್ದರೆ ಇಟ್ರಾಕೊನಜೋಲ್‌ನಂತಹ ಮಾತ್ರೆಗಳು ಅನಿವಾರ್ಯ. ಚಿಕಿತ್ಸೆ ಹಲವು ವಾರ, ಕೆಲವೊಮ್ಮೆ ತಿಂಗಳುಗಟ್ಟಲೆ ನಡೆಯುತ್ತದೆ. ಹೃದಯ ವೈಫಲ್ಯ ಅಥವಾ ಯಕೃತ್ತಿನ ತೊಂದರೆಯುಳ್ಳವರು, ಗರ್ಭಿಣಿಯರು ಹಾಗೂ ಬೇರೆ ಔಷಧ ಸೇವಿಸುತ್ತಿರುವವರು ಇದನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು. ಆಮ್ಲಶಾಮಕ ಮಾತ್ರೆಗಳೊಂದಿಗೆ ಇಟ್ರಾಕೊನಜೋಲ್ ಕ್ಯಾಪ್ಸೂಲ್ ಸೇವಿಸಿದರೆ ಅದು ಸರಿಯಾಗಿ ಮೈಗೂಡದು. ಬೆಳ್ಳುಳ್ಳಿ ಅರೆದು ಹಚ್ಚುವುದು, ನಿಂಬೆರಸ ತಿಕ್ಕುವುದು ಚರ್ಮವನ್ನು ಸುಡಬಹುದೇ ವಿನಾ ರೋಗ ನೀಗುವುದಿಲ್ಲ.

ಮನೆಯೊಳಗಿನ ಎಚ್ಚರಿಕೆ

* ಸೋಂಕಿತರೆಲ್ಲರೂ ಏಕಕಾಲಕ್ಕೆ ಚಿಕಿತ್ಸೆ ಪಡೆಯಬೇಕು. ಒಬ್ಬರಲ್ಲಿ ಉಳಿದರೂ ಮತ್ತೆ ಎಲ್ಲರಿಗೂ ಹರಡುತ್ತದೆ.
* ಟವೆಲ್, ಒಳಉಡುಪು, ಹೊದಿಕೆ ಹಂಚಿಕೊಳ್ಳಬಾರದು. ಸೋಂಕಿತರ ಬಟ್ಟೆಯನ್ನು ಬೇರೆಯಾಗಿ ಬಿಸಿನೀರಿನಲ್ಲಿ ಒಗೆದು ಬಿಸಿಲಿನಲ್ಲಿ ಒಣಗಿಸಬೇಕು.
* ಸ್ನಾನದ ನಂತರ ಚರ್ಮದ ಮಡಿಕೆಗಳನ್ನು ಒರೆಸಿ ಒಣಗಿಸಿಯೇ ಬಟ್ಟೆ ಧರಿಸಬೇಕು. ಸಡಿಲವಾದ ಹತ್ತಿ ಉಡುಪು ಒಳ್ಳೆಯದು.
* ಸದಾ ತೇವವಾಗಿರುವ ಉಡಿದಾರ ಶಿಲೀಂಧ್ರಕ್ಕೆ ಆಶ್ರಯ ನೀಡುವುದರಿಂದ ಚಿಕಿತ್ಸೆ ಮುಗಿಯುವವರೆಗೆ ತೆಗೆದಿಡುವುದು ಸೂಕ್ತ.

ತೊಡೆಸಂದಿನ ತುರಿಕೆಯನ್ನು ಹೇಳಿಕೊಳ್ಳಲು ನಾಚುವವರೇ ಹೆಚ್ಚು. ಔಷಧ ಅಂಗಡಿಯ ಟ್ಯೂಬಿಗೆ ಮೊರೆಹೋಗಲು ಇದೂ ಒಂದು ಕಾರಣ. ಆದರೆ ಜಿಲ್ಲಾಸ್ಪತ್ರೆ ಹಾಗೂ ವೈದ್ಯಕೀಯ ಕಾಲೇಜು ಆಸ್ಪತ್ರೆಗಳ ಚರ್ಮರೋಗ ವಿಭಾಗದಲ್ಲಿ ಇದು ದಿನನಿತ್ಯದ ದೂರು. ಎರಡು ವಾರಗಳಲ್ಲಿ ತಗ್ಗದ, ಅಥವಾ ತಗ್ಗಿ ಮರಳುವ ತುರಿಕೆಗೆ ಮತ್ತೊಂದು ಟ್ಯೂಬು ಕೊಳ್ಳುವ ಬದಲು ವೈದ್ಯರನ್ನು ಕಾಣುವುದೇ ಲೇಸು. ಹೋಗುವಾಗ ಈವರೆಗೆ ಹಚ್ಚಿದ ಮುಲಾಮುಗಳ ಟ್ಯೂಬುಗಳನ್ನು ಜತೆಗೆ ಒಯ್ದರೆ, ರೋಗದ ಅರ್ಧ ಕಥೆಯನ್ನು ಅವೇ ಹೇಳುತ್ತವೆ.