ಯಾವ ಹೊಲದ ವಾಲ್ವ್, ಯಾವ ನಂಬರ್?

ಬಾಗಲಕೋಟೆ ಜಿಲ್ಲೆಯ ಹುನಗುಂದ ತಾಲ್ಲೂಕಿನ ರಾಮಥಾಳ ಯೋಜನೆಯ ಬಗ್ಗೆ ಬರೆದವರೆಲ್ಲ ಮೊದಲು ಅದರ ವಿಸ್ತಾರವನ್ನೇ ಹೇಳುತ್ತಾರೆ: ಸುಮಾರು 24,000 ಹೆಕ್ಟೇರ್, ಅಂದರೆ ಹತ್ತಿರಹತ್ತಿರ 60,000 ಎಕರೆಗೆ ಹನಿ ನೀರಾವರಿ. ನಾರಾಯಣಪುರ ಜಲಾಶಯದ ಹಿನ್ನೀರಿನಿಂದ ಎತ್ತಿದ ಕೃಷ್ಣೆಯ ನೀರು ಪೈಪಿನಲ್ಲೇ ಬಂದು ಬೆಳೆಯ ಬುಡ ಮುಟ್ಟಬೇಕು. ಕೃಷ್ಣಾ ಭಾಗ್ಯ ಜಲ ನಿಗಮದ ಈ ಯೋಜನೆಗೆ ಜೈನ್ ಇರಿಗೇಷನ್ ಮತ್ತು ಇಸ್ರೇಲ್ ಮೂಲದ ನೆಟಾಫಿಮ್ ಸಂಸ್ಥೆಗಳ ತಂತ್ರಜ್ಞಾನ ಬಳಕೆಯಾಗಿದೆ. ನೀರು ಬಿಡುವ ಕೆಲಸವನ್ನು ದೂರದಿಂದಲೇ ನಡೆಸುವ ಸ್ವಯಂಚಾಲಿತ ವ್ಯವಸ್ಥೆಯೂ ಅದರ ಭಾಗ. ವಿಸ್ತಾರಕ್ಕಿಂತ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸುವುದು ಇದೇ. ಕಂಟ್ರೋಲ್ ರೂಮಿನಲ್ಲಿ ಒಂದು ಗುಂಡಿ ಒತ್ತಿದರೆ ಇಂಥದೇ ಹೊಲದ ವಾಲ್ವ್ ತೆರೆಯಬೇಕು, ಪಕ್ಕದ್ದಲ್ಲ. ಅದಕ್ಕೆ ಪ್ರತಿ ಸಾಧನಕ್ಕೂ ಒಂದು ವಿಳಾಸ ಬೇಕು.

ಇಂಥ ಕಡೆ ತಂತಿಗಿಂತ ರೇಡಿಯೊ ಅನುಕೂಲ. ಎರೆಭೂಮಿ ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ, ಮಳೆ ಬಿದ್ದೊಡನೆ ಉಬ್ಬುತ್ತದೆ. ಹೂತ ಕೇಬಲ್ ಜಗ್ಗಾಡುತ್ತದೆ. ಉಳಿದದ್ದು ಟ್ರ್ಯಾಕ್ಟರಿನ ನೇಗಿಲಿಗೆ ಸಿಗುತ್ತದೆ. ಭಾರತದಲ್ಲಿ 865ರಿಂದ 867 ಮೆಗಾಹರ್ಟ್ಸ್ ಪಟ್ಟಿಯನ್ನು 2005ರಲ್ಲಿ ಲೈಸೆನ್ಸ್ ಇಲ್ಲದೆ ಬಳಸಲು ಬಿಟ್ಟಿದ್ದಾರೆ. ವೈಫೈ ಓಡುವ 2.4 ಗಿಗಾಹರ್ಟ್ಸ್‌ಗಿಂತ ಈ ಅಲೆ ತೊಗರಿ, ಜೋಳದ ಹಸಿರನ್ನು ಸುಲಭವಾಗಿ ದಾಟುತ್ತದೆ. ಆದರೆ ಬಾದಾಮಿ ಕಡೆಯ ಮರಳುಗಲ್ಲಿನ ಗುಡ್ಡ ಅಡ್ಡ ಬಂದರೆ ಅದೂ ಸೋಲುತ್ತದೆ. ಗುಡ್ಡದ ಮೇಲೊಂದು ರಿಪೀಟರ್ ಬೇಕಾಗುತ್ತದೆ.

ವಿಳಾಸದಲ್ಲೂ ಎರಡು ಬಗೆ. ಅನೇಕ ಸೆನ್ಸರ್ ಜಾಲಗಳ ತಳಹದಿಯಾದ 802.15.4 ಎಂಬ ಮಾನದಂಡ 2003ರಲ್ಲಿ ಬಂತು. ಅದರಂತೆ ಪ್ರತಿ ಸಾಧನಕ್ಕೆ ಕಾರ್ಖಾನೆಯಲ್ಲೇ 64 ಬಿಟ್‌ಗಳ ಉದ್ದನೆಯ ಸಂಖ್ಯೆ ಬೀಳುತ್ತದೆ. ಜಗತ್ತಿನಲ್ಲಿ ಇನ್ನೊಂದಕ್ಕೆ ಆ ಸಂಖ್ಯೆ ಇರಕೂಡದು. ಆದರೆ ಆ ಮೂಲ ಮಾನದಂಡದಲ್ಲಿ ಒಂದು ಸಂದೇಶದ ಪೊಟ್ಟಣ ಹೆಚ್ಚೆಂದರೆ 127 ಬೈಟ್. ಕಳಿಸುವವರ, ಪಡೆಯುವವರ ಉದ್ದ ವಿಳಾಸಗಳೇ 16 ಬೈಟ್ ನುಂಗುತ್ತವೆ. ಹಾಗಾಗಿ ಜಾಲಕ್ಕೆ ಸೇರಿದ ಮೇಲೆ 16 ಬಿಟ್‌ಗಳ ಗಿಡ್ಡ ವಿಳಾಸ ಕೊಡುತ್ತಾರೆ. ಆಗ ಎರಡಕ್ಕೂ ಸೇರಿ ನಾಲ್ಕೇ ಬೈಟ್ ಸಾಕು. ಸಾಧನ ಜಾಲದಿಂದ ಹೊರಬಿದ್ದು ಮತ್ತೆ ಸೇರಿದರೆ ಈ ಗಿಡ್ಡ ವಿಳಾಸ ಬದಲಾಗಬಹುದು. ಅದನ್ನೇ ನಂಬಿ ಡಬ್ಬಿಯ ಮೇಲೆ ಪೇಂಟಿನಲ್ಲಿ ಬರೆದಿಟ್ಟರೆ ಮುಂದಿನ ವರ್ಷದ ಮೆಕ್ಯಾನಿಕ್ ದಾರಿ ತಪ್ಪುತ್ತಾನೆ.

ಹೊಲದ ಡಬ್ಬಿಯೊಳಗೆ ಇನ್ನೂ ಹಳೆಯ ಪದ್ಧತಿಯೂ ಸಿಗುತ್ತದೆ. ಸಾಧನಗಳ ನಡುವಿನ ಸಂದೇಶಕ್ಕಾಗಿ 1979ರಲ್ಲಿ ಹುಟ್ಟಿದ ಮಾಡ್‌ಬಸ್ ಎಂಬ ಭಾಷೆ ಇಂದಿಗೂ ಜೀವಂತ. ಅದರಲ್ಲಿ ಒಂದು ಲೈನಿನ ಸಾಧನಗಳಿಗೆ 1ರಿಂದ 247ರವರೆಗೆ ಮಾತ್ರ ನಂಬರ್. ಎಷ್ಟೋ ಸಾಧನಗಳಲ್ಲಿ ಅದನ್ನು ಕೂರಿಸುವುದು ಉಗುರಿನಷ್ಟು ಸಣ್ಣ ಸ್ವಿಚ್ಚುಗಳ ಸಾಲಿನಿಂದ. ಮೊದಲನೆಯದರ ಬೆಲೆ 1, ಎರಡನೆಯದರದು 2, ಆಮೇಲೆ 4, 8, 16, 32. ನಂಬರ್ 37 ಬೇಕಿದ್ದರೆ ಒಂದು, ಮೂರು, ಆರನೆಯ ಸ್ವಿಚ್ ಮೇಲೆ ತಳ್ಳಬೇಕು. ಬಿಸಿಲಿಗೆ ಕಣ್ಣು ಕತ್ತಲಿಟ್ಟು ಆರರ ಬದಲು ಐದನ್ನು ತಳ್ಳಿದರೆ ಅದು 21. ಮೊದಲೇ ಒಂದು 21 ಇದ್ದರೆ ಮುಗಿಯಿತು: ಒಂದೇ ಆಜ್ಞೆಗೆ ಎರಡು ವಾಲ್ವ್ ತೆರೆಯುತ್ತವೆ, ಎರಡರ ಉತ್ತರವೂ ಒಟ್ಟಿಗೆ ಬಂದು ಗಜಿಬಿಜಿಯಾಗುತ್ತದೆ. ಪೈಪಿನ ಒತ್ತಡ ಕುಸಿದು ಕೊನೆಯ ಹೊಲದವರಿಗೆ ನೀರೇ ಏರುವುದಿಲ್ಲ. ಕೆಟ್ಟದ್ದನ್ನು ಕಿತ್ತು ಹೊಸದನ್ನು ಹಾಕುವಾಗಲೂ ಇದೇ ಅಪಾಯ; ಅನೇಕ ಸಾಧನಗಳು ಪೆಟ್ಟಿಗೆಯಿಂದ ಹೊರಬರುವಾಗ ನಂಬರ್ 1 ಹೊತ್ತೇ ಬರುತ್ತವೆ.

ನಂಬರ್ ಯಾವುದಕ್ಕೆ ಸೇರಬೇಕು ಎಂಬುದನ್ನು ಬಾಗಲಕೋಟೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಹಳೆಯ ಊರಿನ ಓಣಿಗಳಿಗೆ ನುಗ್ಗಿದಾಗ ಮಂದಿ ನವನಗರಕ್ಕೆ ಬಂದರು. ಅಲ್ಲಿ ಮನೆಯ ಗುರುತು ಸೆಕ್ಟರ್ ನಂಬರ್, ಪ್ಲಾಟ್ ನಂಬರ್. ಮನೆಯಲ್ಲಿ ಇರುವವರು ಬದಲಾದರೂ ಪ್ಲಾಟಿನ ನಂಬರ್ ಅಲ್ಲೇ ಇರುತ್ತದೆ. ಸೆನ್ಸರ್ ಜಾಲದಲ್ಲೂ ವಿಳಾಸ ಸೇರಬೇಕಾದದ್ದು ಜಾಗಕ್ಕೆ. ಯಂತ್ರ ಬರುತ್ತದೆ, ಹೋಗುತ್ತದೆ. ಉದ್ದದ ಸಂಖ್ಯೆ ಯಂತ್ರದ್ದು, ಹೊಸ ಯಂತ್ರದೊಂದಿಗೆ ಅದು ಬದಲಾಗಲಿ. ವಾಲ್ವಿನ ಹೆಸರು ಮಾತ್ರ ಕದಲಬಾರದು.

ಬಾಗಲಕೋಟೆಯ ಸಿಮೆಂಟ್ ಕಾರ್ಖಾನೆಗೋ ಇಳಕಲ್ಲಿನ ಗ್ರಾನೈಟ್ ಪಾಲಿಶ್ ಘಟಕಕ್ಕೋ ಇಂಥ ಜಾಲ ಹಾಕುವುದು ಅಷ್ಟು ಕಷ್ಟವಲ್ಲ. ಅಲ್ಲಿ ಕಾಂಪೌಂಡ್ ಇರುತ್ತದೆ, ಯಾವ ಮೋಟರ್ ಎಲ್ಲಿದೆಯೆಂದು ಬಲ್ಲ ಎಲೆಕ್ಟ್ರೀಷಿಯನ್ ಇರುತ್ತಾನೆ. ಹೊಲದ ಕಥೆ ಬೇರೆ. ಅಣ್ಣತಮ್ಮಂದಿರ ವಾಟ್ನಿಯಾದರೆ ಉತಾರದಲ್ಲಿ ಒಂದು ಸರ್ವೆ ನಂಬರ್ ಎರಡು ಹಿಸ್ಸಾ ಆಗುತ್ತದೆ. ವಾಲ್ವ್ ಒಂದೇ ಉಳಿಯುತ್ತದೆ. ಅಣ್ಣ ಉಳ್ಳಾಗಡ್ಡಿ ಹಾಕಿರುತ್ತಾನೆ, ತಮ್ಮ ಕಡಲೆ. ನೀರಿನ ಲೆಕ್ಕ ಒಂದಾಗಲಾರದು. ಇದು ಕಂಪ್ಯೂಟರಿಗೆ ತಾನಾಗಿ ತಿಳಿಯುವುದಿಲ್ಲ, ಯಾರಾದರೂ ತಿದ್ದಬೇಕು.

ಹಾಗೆ ತಿದ್ದಬೇಕಾದ, ಯಾವ ವಾಲ್ವ್ ಯಾವ ಹೊಲದ್ದೆಂಬ ಪಟ್ಟಿ ಗುತ್ತಿಗೆದಾರನ ಲ್ಯಾಪ್‌ಟಾಪಿನಲ್ಲಷ್ಟೇ ಇರುವುದು ರೈತರಿಗೆ ಮಾಡುವ ಅನ್ಯಾಯ. ನಿರ್ವಹಣೆಯ ಕರಾರು ಮುಗಿದ ದಿನ ಅವನ ಜೊತೆ ಅದೂ ಹೊರಟುಹೋಗುತ್ತದೆ. ನೀರು ಬಳಕೆದಾರರ ಸಹಕಾರ ಸಂಘದ ಕಪಾಟಿನಲ್ಲಿ ಕನ್ನಡದಲ್ಲಿ ಬರೆದ ರಿಜಿಸ್ಟರ್ ಇರಲಿ: ವಾಲ್ವಿನ ಹೆಸರು, ಸರ್ವೆ ನಂಬರ್, ಹಿಸ್ಸಾ, ಸಾಧನದ ಉದ್ದ ಸಂಖ್ಯೆ, ಸ್ವಿಚ್ಚಿನ ನಂಬರ್, ಬದಲಿಸಿದ ತಾರೀಖು. ಹೊಸ ಸಾಧನ ಕೂರಿಸಿದಾಗ ಕಂಟ್ರೋಲ್ ರೂಮಿನಲ್ಲಿ ಒಬ್ಬರು, ಬದುವಿನ ಮೇಲೆ ಆ ಹೊಲದ ರೈತ, ನಡುವೆ ಮೊಬೈಲ್. ಕಂಟ್ರೋಲ್ ರೂಮಿನಿಂದ ಒಂದೇ ವಾಲ್ವಿಗೆ ಆಜ್ಞೆ ಹೋಗಬೇಕು. ತನ್ನ ಹೊಲದ ಲ್ಯಾಟರಲ್ ಪೈಪಿನಲ್ಲಿ ನೀರು ಬಂತು, ಪಕ್ಕದ್ದರಲ್ಲಿ ಬರಲಿಲ್ಲ ಎಂದು ಆ ರೈತ ಹೇಳಿದ ಮೇಲೆಯೇ ಡಬ್ಬಿಯ ಮುಚ್ಚಳಕ್ಕೆ ಸ್ಕ್ರೂ ಬಿಗಿಯಬೇಕು, ರಿಜಿಸ್ಟರಿನಲ್ಲಿ ಅವನ ಸಹಿ ಬೀಳಬೇಕು.